ಮುಖ ನೋಡಿ ಮಣೆ

ಕಳೆದ ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ಹೊಸಪೇಟೆಯಲ್ಲಿ ಬಾಳುವೆ ಮಾಡಿದವರಿಗೆ ಹಂಪಿ ಎಂದರೆ ನೆಂಟರು ಬಂದಾಗ ಮಾತ್ರ ನೋಡುವ ಊರು. ಬಿಸಿಲು ಏರುವ ಮೊದಲೇ ಉಗ್ರನರಸಿಂಹನ ಎದುರು ನಿಂತಿದ್ದೆವು. ಮೊಮ್ಮಗಳು ಮೊಬೈಲನ್ನು ಎತ್ತಿ ಹಿಡಿದು, ತನ್ನನ್ನೂ ನನ್ನನ್ನೂ ನರಸಿಂಹನನ್ನೂ ಒಂದೇ ಚಿತ್ರದಲ್ಲಿ ಹಿಡಿದಳು. ಬಳಿಕ ಬೆರಳಿನಿಂದ ಎರಡು ಸಲ ಏನನ್ನೋ ಒತ್ತಿ, "ಈಗ ನೋಡಿ ಅಜ್ಜಿ, ಎಷ್ಟು ಚೆನ್ನಾಗಿದ್ದೀರಿ!" ಎಂದು ನನ್ನ ಮುಂದೆ ಹಿಡಿದಳು.

ನೋಡಿದೆ. ನನ್ನ ಹಣೆ, ಕೆನ್ನೆ, ಮೂಗಿನ ಮೇಲೆ ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ಮನೆಮಾಡಿಕೊಂಡಿದ್ದ ಸಿಡುಬಿನ ಕುಳಿಗಳಲ್ಲಿ ಒಂದೂ ಉಳಿದಿರಲಿಲ್ಲ. ಮೈಬಣ್ಣವೂ ಒಂದು ಪಟ್ಟು ತಿಳಿಯಾಗಿತ್ತು. ಮಗು ಪ್ರೀತಿಯಿಂದ ಮಾಡಿದ ಕೆಲಸ, ಬೇಸರಪಡುವಂಥದ್ದೇನೂ ಇರಲಿಲ್ಲ. ಆದರೆ ನನ್ನ ಎದೆ ಒಮ್ಮೆ ಝಲ್ಲೆಂದಿತು. ಏಕೆಂದರೆ ಆ ಮುಖ ನನ್ನದಾಗಿರಲಿಲ್ಲ. ಅದು 1998ರಲ್ಲಿ ತೀರಿಕೊಂಡ ನನ್ನ ತಂಗಿಯ ಮುಖವಾಗಿತ್ತು.

"ಇವನಿಗೂ ಹಾಗೇ ಮಾಡಲಾ ಅಜ್ಜಿ? ಎಷ್ಟು ಭಯಂಕರವಾಗಿದ್ದಾನೆ!" ಎಂದು ಅವಳು ನರಸಿಂಹನ ಕಡೆ ಕೈ ತೋರಿಸಿದಳು. ಮೇಷ್ಟರ ಕೆಲಸ ಬಿಟ್ಟು ವರ್ಷಗಳಾದರೂ ನಾಲಗೆ ಸುಮ್ಮನಿರಬೇಕಲ್ಲ. ಹೇಳಿದೆ: ಇವನು ಮೊದಲು ಉಗ್ರನಾಗಿರಲಿಲ್ಲ ಪುಟ್ಟಿ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ, 6.7 ಮೀಟರ್ ಎತ್ತರದ ಈ ಮೂರ್ತಿ ಲಕ್ಷ್ಮೀನರಸಿಂಹನದು. ತೊಡೆಯ ಮೇಲೆ ಲಕ್ಷ್ಮಿ ಕುಳಿತಿದ್ದಳು. ಮೂರ್ತಿಯನ್ನು ಒಡೆದಾಗ ಲಕ್ಷ್ಮಿ ಹೋದಳು, ನರಸಿಂಹನ ಕೈಗಳು ಹೋದವು. ಹಿಂದೆ ಹೋಗಿ ನೋಡಿದರೆ ಅವನ ಬೆನ್ನಿನ ಮೇಲೆ ಲಕ್ಷ್ಮಿಯ ಒಂದು ಕೈ ಇಂದಿಗೂ ಉಳಿದಿದೆ. ಹೆಂಡತಿಯನ್ನು ಕಳೆದುಕೊಂಡು, ಕೈಕಾಲು ಮುರಿಸಿಕೊಂಡು ಕುಳಿತವನನ್ನು ನೋಡಿ ನಾವು 'ಉಗ್ರ' ಎಂದು ಹೆಸರಿಟ್ಟೆವು. ಮುರಿದ ಮುಖಕ್ಕೆ ಮುನಿದ ಮುಖವೆಂದು ಹೆಸರಿಡುವುದು ನಮ್ಮ ಜನರ ಹಳೆಯ ಅಭ್ಯಾಸ.

ಅವಳು ತಲೆಯಾಡಿಸಿ ಎಳನೀರಿನ ಕಡೆ ನಡೆದಳು. ಆದರೆ ನನಗೆ ಅಂದಿನಿಂದ ಈ ವಿಷಯ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ನನ್ನ ಪ್ರೀತಿಯ ವಿದ್ಯಾರ್ಥಿಗಳೂ ಬಂಧುಗಳೂ ಓದುವ ಈ ಪುಟದಲ್ಲಿ ಇದುವರೆಗೆ ಊರು, ಶಾಲೆ, ಹಬ್ಬಗಳ ವಿಷಯ ಬರೆದಿದ್ದೇನೆ. ನನ್ನ ಮುಖದ ವಿಷಯ ಬರೆದಿರಲಿಲ್ಲ. ನೀವು ಯಾರೂ ಕೇಳಲೂ ಇಲ್ಲ, ಅದು ನಿಮ್ಮ ಸೌಜನ್ಯ. ಇಂದು ಬರೆಯುತ್ತೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಅದು ಕೊನೆಗೆ ಬರುತ್ತದೆ.

ನಾನು ಹುಟ್ಟಿದ್ದು ಕಂಪ್ಲಿಯಲ್ಲಿ, 1952ರಲ್ಲಿ. ಹೊಳೆಯ ದಂಡೆಯ ಊರು. ಭತ್ತ, ಕಬ್ಬು, ಬಾಳೆ. ನನಗೆ ಏಳು, ತಂಗಿಗೆ ಐದು ವರ್ಷವಿದ್ದಾಗ ಸಿಡುಬಿನ ಚುಚ್ಚುಮದ್ದು ಹಾಕುವವರು ನಮ್ಮ ಓಣಿಗೆ ಬಂದರು. ಆ ಚುಚ್ಚುವ ಸಲಕರಣೆಯ ಬಗ್ಗೆ ಮಕ್ಕಳಲ್ಲಿ ಯಮನ ಭಯ. ದೊಡ್ಡವರಲ್ಲಿ ಇನ್ನೊಂದು ಭಯ: ಅಮ್ಮನಿಗೆ ಕೋಪ ಬಂದೀತು ಎಂದು. ನಮ್ಮ ಅಜ್ಜಿ ನನ್ನನ್ನು ಎಳೆದುಕೊಂಡು ಹೋಗಿ ಒಳಮನೆಯ ಜೋಳದ ಗುಮ್ಮಿಯ ಹಿಂದೆ ಕೂರಿಸಿ, "ಉಸಿರು ಬಿಡಬ್ಯಾಡ" ಎಂದಳು. ತಂಗಿ ತಲಬಾಗಿಲಲ್ಲಿ ಆಡುತ್ತಿದ್ದವಳು ಸಿಕ್ಕಿಬಿದ್ದಳು. ಅವಳು ಅತ್ತ ಸದ್ದು ಗುಮ್ಮಿಯ ಹಿಂದೆ ಕುಳಿತ ನನಗೆ ಕೇಳಿಸಿತು. ನಾನು ಪಾರಾದೆ ಎಂದು ಹಿಗ್ಗಿದೆ.

ಮುಂದಿನ ಬೇಸಿಗೆಯಲ್ಲಿ ಅಮ್ಮ ಬಂದಳು. ತಂಗಿಯನ್ನು ಮುಟ್ಟಲಿಲ್ಲ. ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ನೆನಪು ಮಾತ್ರ ನನಗಿದೆ. ಜೀವ ಉಳಿಯಿತು, ಕಣ್ಣು ಉಳಿದವು. ಎರಡೂ ಆಗಿನ ಕಾಲಕ್ಕೆ ದೊಡ್ಡ ಭಾಗ್ಯ. ಮುಖ ಮಾತ್ರ ಮೊದಲಿನಂತಾಗಲಿಲ್ಲ. ಅಜ್ಜಿ ಸಾಯುವವರೆಗೂ ನನ್ನ ಕೆನ್ನೆ ಸವರುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದ ಬಚ್ಚಿಟ್ಟವಳು ಅವಳು.

ಹೀಗೆ ಒಂದೇ ಮನೆಯಲ್ಲಿ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ, ಒಂದೇ ತಾನಿನ ಬಟ್ಟೆಯಲ್ಲಿ ಲಂಗ ಹೊಲಿಸಿಕೊಂಡ ಇಬ್ಬರು ಹುಡುಗಿಯರು ಲೋಕದ ಮುಂದೆ ನಿಂತೆವು. ವ್ಯತ್ಯಾಸ ಒಂದೇ. ಮುಂದೆ ನಾನು ಪುಸ್ತಕಗಳಲ್ಲಿ ಓದಿದ ಪ್ರಯೋಗಗಳೆಲ್ಲ ನನಗೆ ಹೊಸತೆನಿಸಲಿಲ್ಲ. ಆ ಪ್ರಯೋಗ ನನ್ನ ಬದುಕಿನಲ್ಲಿ ಬಹಳ ಮೊದಲೇ ನಡೆದಿತ್ತು.

ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಹತ್ತಿದ ಕೂಡಲೇ ಯಾರೋ ಒಬ್ಬರು ಸರಿದು, "ಬಾರವ್ವ ತಂಗಿ, ಇಲ್ಲಿ ಕುಂದ್ರು" ಎನ್ನುತ್ತಿದ್ದರು. ಅದು ಅವಳಿಗೆ. ನನಗೆ, "ಹಾದಿಗೆ ನಿಂದರಬ್ಯಾಡ, ಹಿಂದಕ ಸರಿ." ಚಿಲ್ಲರೆ ಅವಳಿಗೆ ಕೂಡಲೇ ಸಿಗುತ್ತಿತ್ತು, ನನಗೆ ಇಳಿಯುವಾಗ ನೆನಪು ಮಾಡಬೇಕಿತ್ತು. ಬಳೆ ಅಂಗಡಿಯವನು ಅವಳ ಕೈಗೆ ನಾಲ್ಕು ನಮೂನೆ ತೊಡಿಸಿ ನೋಡಿ, ನನಗೆ "ನಿನಗೇನು ಬೇಕು?" ಎನ್ನುತ್ತಿದ್ದ. ಯಾರೂ ಬೈದವರಲ್ಲ, ಹೊಡೆದವರಲ್ಲ. ಅವರೆಲ್ಲ ಕೆಟ್ಟವರೂ ಅಲ್ಲ. ಅರ್ಧ ಗಳಿಗೆ ಕಣ್ಣು ನಿಲ್ಲಬೇಕಾದ ಕಡೆ ನಿಲ್ಲದೆ ಜಾರಿ ಹೋಗುತ್ತಿತ್ತು, ಅಷ್ಟೆ. ಹಾಗೆ ಜಾರುವ ಕಣ್ಣನ್ನು ದಿನಕ್ಕೆ ಹತ್ತು ಸಲ ನೋಡಿದವರಿಗೆ ಮಾತ್ರ ಅದರ ಭಾರ ತಿಳಿದೀತು. ಸೆರಗು ಹೊದೆಯುವ ವಯಸ್ಸು ಬಂದ ಮೇಲೆ ಬಸ್ಸು ಹತ್ತುವಾಗ ಸೆರಗಿನ ತುದಿಯನ್ನು ಕೆನ್ನೆಗೆ ತರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ತಂಗಿ ಮಾತ್ರ ತನಗೆ ಸಿಕ್ಕ ಜಾಗದಿಂದ ಎದ್ದು, "ಅಕ್ಕಾ, ನೀನ ಕುಂದ್ರು" ಎನ್ನುತ್ತಿದ್ದಳು. ಅವಳ ಮುಖ ಗಳಿಸಿದ ಸೀಟಿನಲ್ಲಿ ನಾನು ಕುಳಿತು ಎಷ್ಟೋ ಸಲ ಹೊಸಪೇಟೆಗೆ ಬಂದಿದ್ದೇನೆ.

ಹೆಣ್ಣು ನೋಡಲು ಬಂದವರ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ. ಮೊದಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ತಂಗಿಯನ್ನು ಕೇಳಿ ಹೋದರು. ಎರಡನೆಯವರೂ ಹಾಗೆಯೇ. ಮೂರನೆಯವರು ಬರುವ ದಿನ ಅಪ್ಪ ತಂಗಿಯನ್ನು ಚಿಕ್ಕಪ್ಪನ ಮನೆಗೆ ಕಳುಹಿಸಿದರು.

ಈ ವಿಷಯದಲ್ಲಿ ವಿದ್ವಾಂಸರು ಏನು ಹೇಳುತ್ತಾರೆಂದು ನಿವೃತ್ತಿಯ ನಂತರ ನನ್ನ ಮಗಳ ನೆರವಿನಿಂದ ಓದಿಕೊಂಡೆ. 1920ರಲ್ಲಿಯೇ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಒಂದು ಸಂಗತಿಯನ್ನು ತೋರಿಸಿದ. ಸೈನ್ಯದ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಗುಣಾಂಕ ಕೊಡುವಾಗ, ಮೈಕಟ್ಟು ಚೆನ್ನಾಗಿದ್ದವರಿಗೆ ಬುದ್ಧಿಯಲ್ಲಿಯೂ ನಾಯಕತ್ವದಲ್ಲಿಯೂ ನಡತೆಯಲ್ಲಿಯೂ ಹೆಚ್ಚು ಗುಣಾಂಕ ಕೊಡುವ ಒಲವು ಕಂಡುಬಂದಿತ್ತು. ಒಂದು ಗುಣದ ಪ್ರಭೆ ಉಳಿದೆಲ್ಲ ಗುಣಗಳ ಮೇಲೆ ಬೀಳುತ್ತದೆ ಎಂಬುದು ಅವನ ತಾತ್ಪರ್ಯ. 1972ರಲ್ಲಿ ಕ್ಯಾರೆನ್ ಡಿಯನ್, ಎಲೆನ್ ಬರ್ಷೈಡ್ ಮತ್ತು ಎಲೈನ್ ವಾಲ್‌ಸ್ಟರ್ ಎಂಬ ಮೂವರು ಮಹಿಳೆಯರು, ಅಪರಿಚಿತರ ಭಾವಚಿತ್ರಗಳನ್ನು ಕೊಟ್ಟು ಅಭಿಪ್ರಾಯ ಕೇಳಿದರು. ಚೆಲುವಾಗಿ ಕಂಡವರು ಗುಣವಂತರೂ ಆಗಿರುತ್ತಾರೆ, ಅವರಿಗೆ ಒಳ್ಳೆಯ ಕೆಲಸವೂ ಸುಖಸಂಸಾರವೂ ಸಿಗುತ್ತದೆ ಎಂದೇ ಜನ ಊಹಿಸಿದರು. 1987ರಲ್ಲಿ ಜ್ಯುಡಿತ್ ಲಾಂಗ್ಲಾಯ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೊಡ್ಡವರು ಚೆಲುವೆಂದು ಒಪ್ಪಿದ ಮುಖಗಳನ್ನು ಕೆಲವೇ ತಿಂಗಳ ಹಸುಗೂಸುಗಳೂ ಹೆಚ್ಚು ಹೊತ್ತು ನೋಡುತ್ತವೆ ಎಂದು ಕಂಡುಕೊಂಡರು. ಇದನ್ನು ಓದಿದಾಗ ಬಳೆ ಅಂಗಡಿಯವನ ಮೇಲೆ ಉಳಿದಿದ್ದ ಅಲ್ಪಸ್ವಲ್ಪ ಮುನಿಸೂ ಇಳಿದುಹೋಯಿತು. ಆದರೆ ಕೂಸಿಗೆ ಇರುವ ಕ್ಷಮೆ ದೊಡ್ಡವರಿಗೂ ಇದೆಯೇ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ನನ್ನ ಪಾಲಿಗೆ ಇನ್ನೊಂದು ಪ್ರಯೋಗ 2020ರಲ್ಲಿ ನಡೆಯಿತು. ಕೊರೊನಾ ಬಂದು ಎಲ್ಲರೂ ಮಾಸ್ಕ್ ಕಟ್ಟಿದೆವು. ಮೂಗು, ಕೆನ್ನೆ, ಗಲ್ಲ ಮುಚ್ಚಿದವು; ಹಣೆಯ ಮೇಲೆ ಸೆರಗು. ಔಷಧಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ತರಕಾರಿ ಗಾಡಿಯ ಮುಂದೆ ಅಪರಿಚಿತರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿದರು. "ಬರ್ರಿ ಅಮ್ಮಾ, ಏನ್ ಬೇಕ್ರಿ?" ಎಂಬ ಧ್ವನಿಯಲ್ಲಿ ಆರಂಭದ ಆ ಸಣ್ಣ ತಡವರಿಕೆ ಇರಲಿಲ್ಲ. ಇಡೀ ಲೋಕ ಉಸಿರುಕಟ್ಟಿ ನರಳುತ್ತಿದ್ದ ಕಾಲದಲ್ಲಿ ನನಗೆ ಹೀಗೊಂದು ಹಗುರವಾದ ಭಾವ ಬಂದುದಕ್ಕೆ ನನಗೇ ನಾಚಿಕೆಯಾಯಿತು. ಆದರೂ ಬಂದದ್ದು ನಿಜ. ಅರುವತ್ತೆಂಟನೆಯ ವಯಸ್ಸಿನಲ್ಲಿ ತಂಗಿ ಹೇಗೆ ಬಸ್ಸು ಹತ್ತುತ್ತಿದ್ದಳೆಂದು ನನಗೆ ಸ್ವಲ್ಪ ತಿಳಿಯಿತು.

ಹಾಗೆಂದು ತಂಗಿಯ ದಾರಿ ಹೂವಿನ ಹಾಸಿಗೆಯಾಗಿತ್ತೆಂದು ತಿಳಿಯಬೇಡಿ. ನಮ್ಮ ಕಂಪ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಮಾರರಾಮನ ಕಥೆ ಕೇಳಿ ಬೆಳೆದವರು ನಾವು. ಕಂಪಿಲರಾಯನ ಮಗ ರಾಮ, ಶೂರ, ಚೆಲುವ. ಆಡುವ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿತ್ತು. ತರಲು ಹೋದವನ ರೂಪಕ್ಕೆ ಅವಳು ಮರುಳಾದಳು. ಅವನು ಒಪ್ಪದಿದ್ದಾಗ ಅವನ ಮೇಲೆಯೇ ತಪ್ಪು ಹೊರಿಸಿದಳು. ತಂದೆ ಹಿಂದುಮುಂದು ನೋಡದೆ ತಲೆ ತೆಗೆಯಲು ಅಪ್ಪಣೆ ಕೊಟ್ಟ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಉಳಿಸಿದ. ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ ಈ ಕಥೆಯಲ್ಲಿ ರಾಮನಿಗೆ 'ಪರನಾರೀಸಹೋದರ' ಎಂಬ ಬಿರುದು. ಅವನ ತಪ್ಪೇನು? ನೋಡಿದವರ ಕಣ್ಣಿಗೆ ಚೆಲುವನಾಗಿ ಕಂಡದ್ದು. 1327ರಲ್ಲಿ ದಿಲ್ಲಿಯ ಸೈನ್ಯದ ಎದುರು ಕಂಪಿಲಿ ರಾಜ್ಯ ಅಳಿಯಿತು. ಆದರೆ ಜನರು ನೆನಪಿಟ್ಟುಕೊಂಡು ಹಾಡಿದ್ದು ಆ ಕಾಳಗದಷ್ಟೇ ಈ ಚೆಂಡಿನ ಪ್ರಸಂಗವನ್ನೂ.

ನನ್ನ ತಂಗಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಯಾರೋ ಅಪರಿಚಿತ ಹುಡುಗರು ಶಾಲೆಯಿಂದ ಮನೆಯವರೆಗೆ ಹಿಂದೆ ಬರತೊಡಗಿದರು. ಒಂದು ದಿನ ಅಂಗಳದಲ್ಲಿ ಒಂದು ಚೀಟಿ ಬಿದ್ದಿತ್ತು. ಅಪ್ಪ ಅದನ್ನು ಓದಿ ಒಲೆಗೆ ಹಾಕಿದರು. ಮರುದಿನದಿಂದ ತಂಗಿಯ ಶಾಲೆ ನಿಂತಿತು. ಹದಿನೇಳಕ್ಕೆ ಮದುವೆ. ನನ್ನ ವಿಷಯದಲ್ಲಿ ಅಪ್ಪನಿಗೆ ಆ ಭಯವಿರಲಿಲ್ಲ. "ಇಕಿನ್ನ ಯಾರು ನೋಡ್ತಾರ, ಕಲೀಲಿ ಬಿಡು" ಎಂದು ಅವರು ಅಮ್ಮನಿಗೆ ಹೇಳಿದ್ದನ್ನು ಬಾಗಿಲ ಮರೆಯಿಂದ ಕೇಳಿದ್ದೇನೆ. ಹೀಗೆ ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ, ಟಿ.ಸಿ.ಎಚ್. ಮಾಡಿದೆ, ನಿಮ್ಮೆಲ್ಲರ ಟೀಚರ್ ಆದೆ. ಒಮ್ಮೆ ತಂಗಿ, ಮಗುವಿಗೆ ಹಾಲು ಕುಡಿಸುತ್ತ, "ನಿನಗ ಬಂದ ಅಮ್ಮ ನನಗೂ ಬಂದಿದ್ರ ನಾನೂ ಸಾಲಿ ಕಲೀತಿದ್ದೆ ಅಕ್ಕಾ" ಎಂದಳು. ನಗುತ್ತಲೇ ಹೇಳಿದಳು. ನಾನು ಏನು ಉತ್ತರ ಕೊಡಲಿ? ಕುರೂಪಕ್ಕೆ ಕಣ್ಣು ಜಾರಿಸುವ ಲೋಕವೇ ಚೆಲುವಿನ ಮೇಲೆ ಕಣ್ಣು ನೆಡುತ್ತದೆ. ಎರಡರಲ್ಲಿಯೂ ಒಳಗಿರುವ ವ್ಯಕ್ತಿಯನ್ನು ಯಾರೂ ನೋಡಿರುವುದಿಲ್ಲ.

1973ರಲ್ಲಿ ಸಂಡೂರು ತಾಲ್ಲೂಕಿನ ಒಂದು ಹಳ್ಳಿಗೆ ಕೆಲಸ ಸಿಕ್ಕಿತು. ಸಂಡೂರಿನ ಗುಡ್ಡಗಳು ಮಳೆಗಾಲದಲ್ಲಿ ಎಷ್ಟು ಹಸಿರೆಂಬುದು ನೋಡಿದವರಿಗೇ ಗೊತ್ತು. ಅಲ್ಲಿ ಆಗಲೇ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಳಿದ್ದವು. ಗಣಿಯಲ್ಲಿ ದುಡಿಯುವವರ ಬಟ್ಟೆ, ತಲೆಗೂದಲು, ಉಗುರಿನ ಸಂದು ಎಲ್ಲವೂ ಕೆಂಪು. ಅವರು ಎಷ್ಟು ತೊಳೆದುಕೊಂಡು ಹೊಸಪೇಟೆಗೆ ಬಂದರೂ ಅಂಗಡಿಯವರು ಆ ಕೆಂಪನ್ನು ಗುರುತಿಸಿ, ಗಲ್ಲಾಪೆಟ್ಟಿಗೆಯ ಹತ್ತಿರದಿಂದಲೇ "ಏನು?" ಎನ್ನುತ್ತಿದ್ದರು. ಮುಖದ ಕುಳಿಯಂತೆ ಮಣ್ಣಿನ ಬಣ್ಣವೂ ಮನುಷ್ಯನಿಗಿಂತ ಮೊದಲೇ ಅಂಗಡಿಯ ಮೆಟ್ಟಿಲು ಹತ್ತುತ್ತದೆ ಎಂದು ನಾನು ಅಲ್ಲಿ ಕಲಿತೆ.

ಲಂಬಾಣಿ ಹೆಣ್ಣುಮಕ್ಕಳ ವಿಷಯ ಇನ್ನೂ ವಿಚಿತ್ರ. ಕನ್ನಡಿ, ಕವಡೆ, ಬಣ್ಣದ ದಾರಗಳಿಂದ ತುಂಬಿದ ಅವರ ಉಡುಪನ್ನು ಬಸ್ಸಿನವರೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರು. ಆದರೆ ಅವರ ಪಕ್ಕದ ಸೀಟು ಮಾತ್ರ ಬೇಗ ತುಂಬುತ್ತಿರಲಿಲ್ಲ. ನಾನು ಅಲ್ಲಿ ಹೋಗಿ ಕುಳಿತುಕೊಳ್ಳುತ್ತಿದ್ದೆ. ಔದಾರ್ಯದಿಂದಲ್ಲ, ಅದೇ ಖಾಲಿ ಇರುತ್ತಿತ್ತು. ಆ ಕಸೂತಿಯ ಹೊಲಿಗೆಗಳ ಹೆಸರುಗಳನ್ನು ನಾನು ಕಲಿತದ್ದು ಹಾಗೆ. ಮುಂದೆ 2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ಲಂಬಾಣಿ ಕಸೂತಿಯ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಪತ್ರಿಕೆಯಲ್ಲಿ ಆ ಚಿತ್ರ ನೋಡಿ ಸಂತೋಷಪಟ್ಟೆ. ಪಕ್ಕದ ಸೀಟು ಖಾಲಿ ಬಿಡುತ್ತಿದ್ದ ಆ ಕಾಲದ ಪ್ರಯಾಣಿಕರೂ ಅದನ್ನು ನೋಡಿರಬಹುದು.

1975ನೆಯ ವರ್ಷ ನನಗೆ ಎರಡು ಕಾರಣಕ್ಕೆ ನೆನಪು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು ಆ ವರ್ಷ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿನಿಂದಲೇ ಸಿಡುಬು ತೊಲಗಿತೆಂದು ಸಾರಿತು. ಅದೇ 1975ರಲ್ಲಿ 'ಫೇರ್ ಅಂಡ್ ಲವ್ಲಿ' ಮಾರುಕಟ್ಟೆಗೆ ಬಂತು. ಮುಖದ ಮೇಲಿನ ಒಂದು ಭಯ ದೇಶ ಬಿಟ್ಟು ಹೋಗುತ್ತಿದ್ದಾಗ ಇನ್ನೊಂದು ಭಯ ಕೊಳವೆಯಲ್ಲಿ ತುಂಬಿಕೊಂಡು ಒಳಗೆ ಬಂತು. 2020ರಲ್ಲಿ ಆ ಕ್ರೀಮಿನ ಹೆಸರನ್ನು 'ಗ್ಲೋ ಅಂಡ್ ಲವ್ಲಿ' ಎಂದು ಬದಲಾಯಿಸಿದರು. ಹೆಸರು ಬದಲಾದುದು ಒಳ್ಳೆಯದೇ. ಹಂಪಿಯ ಬೀದಿಯಲ್ಲಿ ಬಿಳಿಯ ಪ್ರವಾಸಿಗರನ್ನು ನಿಲ್ಲಿಸಿಕೊಂಡು ಚಿತ್ರ ತೆಗೆಸಿಕೊಳ್ಳಲು ಸಾಲುಗಟ್ಟುವ ನಮ್ಮ ಹುಡುಗರನ್ನು ನೋಡಿದರೆ, ಕಣ್ಣಿಗೆ ಹಿಡಿದ ಬಣ್ಣ ಇನ್ನೂ ಇಳಿದಿಲ್ಲ ಎನಿಸುತ್ತದೆ.

ಇಷ್ಟು ಹೊತ್ತು ಲೋಕದ ಮೇಲೆ ದೂರು ಹೇಳಿದೆ. ಈಗ ನನ್ನ ಸರದಿ.

1996ರಲ್ಲಿ ನಾನು ಹೊಸಪೇಟೆಯ ಒಂದು ಶಾಲೆಯಲ್ಲಿದ್ದೆ. ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಕೃಷ್ಣದೇವರಾಯನ ನಾಟಕ ಮಾಡಿಸುವ ಹೊಣೆ ನನ್ನದಾಗಿತ್ತು. ಪರದೇಶದ ಪ್ರವಾಸಿಗಳು ರಾಯನ ಆಸ್ಥಾನಕ್ಕೆ ಬರುವ, ರಾಯ ಅವರನ್ನು ಆದರಿಸುವ ದೃಶ್ಯ. ಏಳನೆಯ ತರಗತಿಯ ಒಬ್ಬ ಹುಡುಗನಿಗೆ ಮೊದಲ ವಾರದಲ್ಲಿಯೇ ರಾಯನ ಮಾತುಗಳೆಲ್ಲ ಬಾಯಿಗೆ ಬಂದಿದ್ದವು. ಕಂಠವೆಂದರೆ ಕಂಠ. ಆದರೆ ಎಳೆಯದರಲ್ಲಿ ಬಿಸಿನೀರು ಬಿದ್ದು ಅವನ ಎಡಗೆನ್ನೆ ಸುಟ್ಟಿತ್ತು. ಕಲೆ ಕಿವಿಯವರೆಗೆ ಎಳೆದುಕೊಂಡಿತ್ತು. ಇನ್ನೊಬ್ಬ ಹುಡುಗನಿದ್ದ, ಬೆಳ್ಳಗೆ, ಎತ್ತರಕ್ಕೆ, ಕಿರೀಟಕ್ಕೆ ಹೇಳಿಸಿದ ಮುಖ. ಮಾತು ಮಾತ್ರ ನಾಲ್ಕು ಸಾಲಿಗೊಮ್ಮೆ ತಪ್ಪುತ್ತಿತ್ತು.

1970ರಲ್ಲಿ ತೆರೆಗೆ ಬಂದ 'ಶ್ರೀಕೃಷ್ಣದೇವರಾಯ' ಚಿತ್ರದ ರಾಜ್‌ಕುಮಾರ್ ಅವರ ರೂಪ ನನ್ನ ಕಣ್ಣಲ್ಲಿತ್ತು. ಊರಿನ ದೊಡ್ಡವರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರಿದ್ದರು. ಯಾರೂ ನನಗೆ ಹೀಗೆ ಮಾಡು ಎಂದು ಹೇಳಲಿಲ್ಲ. ನಾನೇ ಮೊದಲನೆಯವನನ್ನು ಕರೆದು, "ನಿನ್ನ ದನಿ ಗಟ್ಟಿ ಇದೆ. ನೀನು ಪರದೆ ಹಿಂದೆ ನಿಂತು ಅವನಿಗೆ ಮಾತು ಎತ್ತಿಕೊಡು" ಎಂದೆ. "ಆಗಲಿ ಟೀಚರ್" ಎಂದ. ಅವನ ಎಡಗೈ ತನ್ನಷ್ಟಕ್ಕೆ ಕೆನ್ನೆಗೆ ಹೋಯಿತು. ಬಸ್ಸು ಹತ್ತುವಾಗ ನಾನು ಸೆರಗು ತರುತ್ತಿದ್ದ ಹಾಗೆ.

ನೋಡಿದೆ, ಗೊತ್ತಾಯಿತು, ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂದು ಸಂಜೆ ಸಿಂಹಾಸನದ ಮೇಲಿದ್ದ ರಾಯ ಪದೇ ಪದೇ ಬಲಗಡೆಯ ಪರದೆಯತ್ತ ನೋಡುತ್ತಿದ್ದ. ಪರದೆಯ ಹಿಂದಿನ ದನಿ ಅರ್ಧ ಹೇಳುತ್ತಿತ್ತು, ಮುಂದಿನ ದನಿ ಅರ್ಧ ಮುಗಿಸುತ್ತಿತ್ತು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಬಹುಮಾನ ಕಿರೀಟಕ್ಕೆ ಸಂದಿತು.

ಬಹಳ ವರ್ಷಗಳ ನಂತರ ಓದಿದೆ: 1973ರಲ್ಲಿ ಮಾರ್ಗರೆಟ್ ಕ್ಲಿಫರ್ಡ್ ಮತ್ತು ಎಲೈನ್ ವಾಲ್‌ಸ್ಟರ್ ಅವರು ಐದನೆಯ ತರಗತಿಯ ಶಿಕ್ಷಕರಿಗೆ ಒಂದೇ ಬಗೆಯ ಅಂಕಪಟ್ಟಿಗಳನ್ನು ಬೇರೆ ಬೇರೆ ಮಕ್ಕಳ ಭಾವಚಿತ್ರ ಅಂಟಿಸಿ ಕೊಟ್ಟರಂತೆ. ಚೆಲುವಾದ ಮುಖವಿದ್ದ ಮಗುವೇ ಹೆಚ್ಚು ಬುದ್ಧಿವಂತ, ಅದರ ತಂದೆತಾಯಿಗಳಿಗೆ ಅದರ ಓದಿನಲ್ಲಿ ಹೆಚ್ಚು ಆಸ್ಥೆ ಎಂದು ಶಿಕ್ಷಕರು ತೀರ್ಮಾನಿಸಿದರು. ಅಂಕಗಳು ಒಂದೇ! ನನ್ನ ಕೈಯಲ್ಲಂತೂ ಅಂಕಪಟ್ಟಿಯೂ ಬೇಕಿರಲಿಲ್ಲ. ಯಾರ ದನಿ ಎಂಥದೆಂದು ಕಿವಿಯೇ ಹೇಳಿತ್ತು. ಕುಳಿಬಿದ್ದ ಮುಖ ಹೊತ್ತು ನಲವತ್ತು ವರ್ಷ ನಡೆದವಳು ನಾನು. ಆದರೂ ನನ್ನ ಕಣ್ಣು ಬಳೆ ಅಂಗಡಿಯವನ ಕಣ್ಣೇ ಆಗಿತ್ತು. ನೊಂದವರು ನೋಯಿಸುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಆ ಮಾತನ್ನು ಅಂದಿನಿಂದ ಹೇಳುವುದು ಬಿಟ್ಟೆ.

ಇನ್ನು ಮುಖ್ಯವಾದ ಮಾತು. 2012ರಲ್ಲಿ ನಿವೃತ್ತಳಾದ ಮೇಲೆ, ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯನ್ನು ನಿಧಾನವಾಗಿ ಓದಿದೆ. ಅದರಲ್ಲಿ ಡೊಮಿಂಗೋ ಪಯಸ್ ಎಂಬ ಪೋರ್ಚುಗೀಸನ ಬರಹವಿದೆ. 1520ರ ಸುಮಾರಿಗೆ ಹಂಪಿಗೆ ಬಂದು ಕೃಷ್ಣದೇವರಾಯನನ್ನು ಕಣ್ಣಾರೆ ಕಂಡವನು ಅವನು. ರಾಯ ಮಧ್ಯಮ ಎತ್ತರದವನು, ತೆಳ್ಳಗಿನವನಲ್ಲ, ಸ್ವಲ್ಪ ತುಂಬಿದ ಮೈಯವನು ಎಂದು ಬರೆದಿದ್ದಾನೆ. ಮುಂದಿನ ಮಾತು ಓದಿ ಪುಸ್ತಕ ಮುಚ್ಚಿದೆ. ರಾಯನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು.

ಮತ್ತೆ ತೆರೆದು ಓದಿದೆ. ರಾಯನಿಗೆ ಒಮ್ಮೊಮ್ಮೆ ಸಿಟ್ಟು ನೆತ್ತಿಗೇರುತ್ತಿತ್ತು ಎಂಬುದನ್ನೂ ಪಯಸ್ ಮುಚ್ಚಿಟ್ಟಿಲ್ಲ. ಆದರೆ ಅವನು ನಗುಮುಖದವನು, ಪರದೇಶದವರನ್ನು ಗೌರವಿಸುವವನು, ಬಂದವರು ಯಾವ ಸ್ಥಿತಿಯವರೇ ಆಗಿರಲಿ ಆದರದಿಂದ ಬರಮಾಡಿಕೊಂಡು ಅವರ ಸಮಾಚಾರವನ್ನೆಲ್ಲ ವಿಚಾರಿಸುವವನು ಎಂದು ಬರೆದಿದ್ದಾನೆ. ನಮ್ಮ ನಾಟಕದ ದೃಶ್ಯವೂ ಅದೇ ಅಲ್ಲವೇ? ಪ್ರವಾಸಿ ಕಂಡ ಮುಖಕ್ಕೆ ಹತ್ತಿರವಾದ ಮುಖ ನಮ್ಮ ಶಾಲೆಯಲ್ಲಿತ್ತು. ನಾನು ಅದನ್ನು ಪರದೆಯ ಹಿಂದೆ ನಿಲ್ಲಿಸಿದ್ದೆ. ಎಷ್ಟೋ ಸಲ ತರಗತಿಯಲ್ಲಿ ಕೃಷ್ಣದೇವರಾಯನ ಪಾಠ ಮಾಡಿದ್ದೇನೆ, ಈ ಒಂದು ವಾಕ್ಯ ಯಾವ ಪಾಠದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಏಳು ವರ್ಷದ ಹುಡುಗಿಯಾಗಿ ಬೇವಿನ ಸೊಪ್ಪಿನ ಮೇಲಿಂದ ಎದ್ದ ದಿನ ಯಾರಾದರೂ ಇದನ್ನು ನನಗೆ ಹೇಳಿದ್ದರೆ ಎಷ್ಟು ಧೈರ್ಯವಾಗುತ್ತಿತ್ತು!

ಅಲ್ಲದೆ ನಮ್ಮ ಸೀಮೆಯ ದೇವರ ಹೆಸರನ್ನೇ ನೋಡಿ. ವಿರೂಪಾಕ್ಷ. ವಿರೂಪವಾದ ಕಣ್ಣುಳ್ಳವನು. ಆ ಹೆಸರನ್ನು ದಿನವೂ ಭಕ್ತಿಯಿಂದ ಕರೆಯುತ್ತೇವೆ. ಪ್ರತಿವರ್ಷ ಪಂಪಾದೇವಿಗೆ ಅವನನ್ನು ಕೊಟ್ಟು ಕಲ್ಯಾಣೋತ್ಸವ ಮಾಡುತ್ತೇವೆ. ಗುಡಿಯ ಹೊರಗೆ ಬಂದು ಮತ್ತೆ ಮುಖ ನೋಡಿ ಮಣೆ ಹಾಕುತ್ತೇವೆ.

ಆ ಹುಡುಗ ನನಗೆ 2019ರಲ್ಲಿ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕ. ಅವನೇ ಗುರುತು ಹಿಡಿದು ಬಂದು ಕಾಲು ಮುಟ್ಟಿದ. ಹೆಂಡತಿ, ಇಬ್ಬರು ಮಕ್ಕಳು ಜೊತೆಗಿದ್ದರು. "ನಮ್ಮ ಟೀಚರ್ರು, ನನಗ ನಾಟಕ ಕಲಿಸಿದವ್ರು" ಎಂದು ಹೆಂಡತಿಗೆ ಹೇಳಿದ. ರಾಯನ ಎರಡು ಸಾಲನ್ನು ಅಲ್ಲಿಯೇ, ಬಸ್ಸುಗಳ ಗದ್ದಲದ ನಡುವೆ, ಒಂದಕ್ಷರ ತಪ್ಪದೆ ಹೇಳಿ ನಕ್ಕ. ನನ್ನ ಗಂಟಲು ಕಟ್ಟಿತು. "ಅವತ್ತು ನಿನಗ ವೇಷ ಕಟ್ಟಬೇಕಿತ್ತಪ್ಪಾ" ಎಂದೆ. ಅವನು, "ಇಲ್ಲ ಬಿಡ್ರಿ ಟೀಚರ್, ಪರದೆ ಹಿಂದಿದ್ದುದ ಚಲೋ ಆತು. ಮುಂದ ಬಂದಿದ್ರ ಮಂದಿ ನಗ್ತಿದ್ರು" ಎಂದ. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ. ಹನ್ನೆರಡು ವರ್ಷದ ಹುಡುಗನಿಗೆ ನಾನು ಕಲಿಸಿದ ಪಾಠ ಅದು ಎಂದು ಆಗ ತಿಳಿಯಿತು. ಅವನು ಅದನ್ನು ಚೆನ್ನಾಗಿ ಕಲಿತುಬಿಟ್ಟಿದ್ದ. ಅಷ್ಟರಲ್ಲಿ ಅವರ ಬಸ್ಸು ಬಂತು. ರಾಯನ ಮುಖದ ಸಂಗತಿಯನ್ನು ಹೇಳಲು ಆಗಲೇ ಇಲ್ಲ.

ಅಪ್ಪಾ, ಇದು ಹೇಗಾದರೂ ನಿನ್ನ ಕಣ್ಣಿಗೆ ಬಿದ್ದರೆ, ನಿನ್ನ ಟೀಚರು ತಪ್ಪು ಮಾಡಿದ್ದಳು. ಜನ ನಗುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ನಗುವವರನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು, ನಿನ್ನದಲ್ಲ. ನಿನ್ನ ಮಕ್ಕಳಿಗೆ ಕೃಷ್ಣದೇವರಾಯನ ಕಥೆ ಹೇಳುವಾಗ ಪಯಸ್ ಕಂಡ ಮುಖವನ್ನೂ ಸೇರಿಸಿ ಹೇಳು.

ಉಳಿದ ನೀವೆಲ್ಲ ಇಂದು ದೊಡ್ಡವರಾಗಿದ್ದೀರಿ. ಕೆಲವರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದೀರಿ, ಕೆಲವರು ಸಂದರ್ಶನ ಮಾಡುವ ಮೇಜಿನ ಹಿಂದೆ, ಹಲವರು ನನ್ನ ಹಾಗೆಯೇ ಕರಿಹಲಗೆಯ ಮುಂದೆ. ಕಣ್ಣು ಜಾರುವುದನ್ನು ತಡೆಯುವುದು ಕಷ್ಟ, ಕೂಸುಗಳೇ ತಡೆಯಲಾರವು. ನಾನು ಈಗ ಮಾಡುವುದಿಷ್ಟೇ. ಹೊಸಬರು ಎದುರಿಗೆ ಬಂದಾಗ ಅವರ ಮುಖದ ಮೇಲಿನಿಂದ ಕಣ್ಣು ಬೇಗ ಹೊರಟಿತೆಂದರೆ ಅದನ್ನು ಹಿಂದಕ್ಕೆ ಕರೆತಂದು, "ಯಾವ ಊರ್ರಿ?" ಎಂದು ಕೇಳುತ್ತೇನೆ. ಉತ್ತರ ಮುಗಿಯುವವರೆಗೆ ನೋಡುತ್ತೇನೆ. ಎಷ್ಟೋ ಸಲ ಅಷ್ಟರಲ್ಲಿ ಮುಖ ಬೇರೆಯಾಗಿ ಕಾಣತೊಡಗುತ್ತದೆ.

ಮೊಮ್ಮಗಳಿಗೆ ಹೇಳಿ ಹಂಪಿಯ ಎರಡೂ ಚಿತ್ರಗಳನ್ನು ತರಿಸಿಕೊಂಡಿದ್ದೇನೆ. ಕುಳಿಗಳಿರುವುದು ನನ್ನದು. ಇನ್ನೊಂದನ್ನು ಅಳಿಸಲು ಮನಸ್ಸು ಬರಲಿಲ್ಲ. ನಲವತ್ನಾಲ್ಕಕ್ಕೇ ಹೋದ ತಂಗಿ ಮುದುಕಿಯಾಗಿದ್ದರೆ ಹೇಗಿರುತ್ತಿದ್ದಳೆಂದು ನೋಡಲು ನನಗಿರುವುದು ಅದೊಂದೇ. ಅವಳ ಹಳೆಯ ಪಟದ ಪಕ್ಕದಲ್ಲಿ ಅದನ್ನು ಇಟ್ಟಿದ್ದೇನೆ.